ಬಾಯಿಲ್ಲದ ಜೀವಿಯ ಬಾಯಿನೋವು

ನೋವನ್ನು ಹೇಳಿಕೊಳ್ಳುವ ಶಕ್ತಿಯು ಅಲ್ಲಾಹನು ಮಾನವನಿಗೆ ಕರುಣಿಸಿರುವ ದೊಡ್ಡ ಅನುಗ್ರಹಗಳಲ್ಲಿ ಒಂದು. ಹಸುಗೂಸು ಅಳುತ್ತದೆ, ವೃದ್ಧರು ನರಳುತ್ತಾರೆ. ನಾಯಿ ಕುಂಯ್‌ಗುಡುತ್ತದೆ, ಹಸು ಅಂಬಾ ಎಂದು ಕೂಗುತ್ತದೆ. ಆದರೆ ಕೆಲವು ಸೃಷ್ಟಿಗಳಿಗೆ ನೋವನ್ನು ಅಡಗಿಸಿಡುವುದೇ ಆತ್ಮರಕ್ಷಣೆ. ಮೊಲವು ಅವುಗಳಲ್ಲಿ ಒಂದು. ಬೇಟೆಗೆ ಗುರಿಯಾಗುವ ಪ್ರಾಣಿಯು ತನ್ನ ದುರ್ಬಲತೆಯನ್ನು ತೋರಿಸಿಕೊಂಡರೆ ನರಿಯ, ಹದ್ದಿನ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ಆದ್ದರಿಂದ ಅದು ಎಂತಹ ಸಂಕಟದಲ್ಲೂ ಸುಮ್ಮನೆ ಕುಳಿತಿರುತ್ತದೆ. ಹೀಗಿರುವಾಗ ಅದನ್ನು ಸಾಕಿದವರ ಹೊಣೆ ಏನು? ಬಾಯಿಬಿಟ್ಟು ಕೇಳದ ಹಕ್ಕನ್ನು ಸಲ್ಲಿಸುವುದು ಹೇಗೆ? ನಮ್ಮ ಮನೆಯ ಒಂದು ಮೊಲದ ಹಲ್ಲಿನ ಚಿಕಿತ್ಸೆಯು ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಟ್ಟಿತು. ಆ ದಿನಗಳಲ್ಲಿ ನಾವು ಕಂಡುದನ್ನೂ ಕಲಿತುದನ್ನೂ ಓದುಗರೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನಾವಿರುವುದು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ತೆಂಗಿನ ಸೀಮೆ. ಇಲ್ಲಿ ಪ್ರಾಣಿ ಸಾಕುವುದೆಂದರೆ ಹಸು, ಎಮ್ಮೆ, ಕುರಿ, ಕೋಳಿ ಎಂದೇ ಅರ್ಥ. ಹಾಲು, ಗೊಬ್ಬರ, ಮಾಂಸ, ಹಣ ಇವುಗಳಲ್ಲಿ ಏನಾದರೊಂದು ದೊರೆಯಬೇಕು. ಏನನ್ನೂ ಕೊಡದ ಎರಡು ಮೊಲಗಳು ನಮ್ಮ ಮನೆಗೆ ಬಂದದ್ದು ಮಗಳ ಹಟದಿಂದ. ಒಂದೇ ಸೂಲಿನ ಎರಡು ಹೆಣ್ಣು ಮರಿಗಳು. ಬಿಳಿಯದಕ್ಕೆ ಕೊಬ್ಬರಿ ಎಂದೂ ಕಂದು ಬಣ್ಣದ್ದಕ್ಕೆ ಬೆಲ್ಲ ಎಂದೂ ಅವಳೇ ಹೆಸರಿಟ್ಟಳು. ಮೂರು ವರ್ಷ ಅವು ಒಂದೇ ಮೂಲೆಯಲ್ಲಿ, ಒಂದರ ಮೈಗೆ ಇನ್ನೊಂದು ಒತ್ತಿಕೊಂಡು ಬೆಳೆದವು.

ಈ ಒತ್ತಿಕೊಳ್ಳುವಿಕೆಗೆ ಕಾರಣವಿದೆ. ಕನ್ನಡದಲ್ಲಿ ಎರಡನ್ನೂ ಮೊಲ ಎಂದೇ ಕರೆದರೂ, ಮುಸ್ಸಂಜೆ ರಾಗಿಹೊಲದ ಬದುವಿನಿಂದ ಚಂಗನೆ ನೆಗೆದು ಮರೆಯಾಗುವ ಕಾಡುಮೊಲವೇ ಬೇರೆ, ಮನೆಯಲ್ಲಿ ಸಾಕುವ ಮೊಲವೇ ಬೇರೆ. ನಮ್ಮ ಕಾಡುಮೊಲವು ಬಯಲಿನಲ್ಲಿ ಹೆಚ್ಚಾಗಿ ಒಂಟಿಯಾಗಿ ಬದುಕುತ್ತದೆ. ಅದರ ಮರಿಗಳು ಮೈತುಂಬ ಕೂದಲಿನೊಂದಿಗೆ, ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿರುವುದರಿಂದ ಅದನ್ನು ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಸಾಕುಮೊಲದ ಮೂಲವಾದರೋ ಯುರೋಪಿನ ಸ್ಪೇನ್, ಪೋರ್ಚುಗಲ್ ಸೀಮೆ. ಅದರ ಪೂರ್ವಜರು ನೆಲದೊಳಗೆ ಬಿಲ ತೋಡಿ ಕೂಡಿ ಬಾಳುವ ಜೀವಿಗಳು. ಮರಿಗಳು ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟಿ ಒಂದರ ಬಿಸುಪಿನಲ್ಲಿ ಇನ್ನೊಂದು ಬದುಕುತ್ತವೆ. ಹೀಗೆ ಜೊತೆಗೂಡಿದ ಎರಡು ಮೊಲಗಳ ನಂಟು ಗಾಢವಾದದ್ದು. ಒಂದಕ್ಕೆ ಬಂದ ರೋಗವು ಮತ್ತೊಂದನ್ನೂ ತಟ್ಟದೆ ಇರುವುದಿಲ್ಲ.

ಕೊಬ್ಬರಿಯ ಕಾಯಿಲೆ ತೋರಿಬಂದದ್ದು ಬೆಲ್ಲದ ನಡತೆಯಿಂದ. ಮೊಲಗಳು ಪರಸ್ಪರ ಹಣೆ, ಕಿವಿಗಳನ್ನು ನೆಕ್ಕುವುದು ಸಹಜ. ಆದರೆ ಬೆಲ್ಲವು ಗಂಟೆಗೊಮ್ಮೆ ಕೊಬ್ಬರಿಯ ಗಲ್ಲವನ್ನೇ ನೆಕ್ಕತೊಡಗಿತು. ಕೊಬ್ಬರಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತಂಗಿ ಅದನ್ನು ಒರೆಸುತ್ತಿತ್ತು. ಅದೇ ಹೊತ್ತಿಗೆ ಕೊಬ್ಬರಿಯು ಹುಲ್ಲಿನ ಎಸಳನ್ನು ಆಸೆಯಿಂದ ಬಾಯಿಗೆ ತೆಗೆದುಕೊಂಡು, ಎರಡು ಸಲ ಅಗಿದು, ಕೆಳಗೆ ಬೀಳಿಸುತ್ತಿತ್ತು. ಕೊತ್ತಂಬರಿ ಸೊಪ್ಪಿನ ಮೆತ್ತನೆಯ ಎಲೆಯನ್ನು ಮಾತ್ರ ನುಂಗುತ್ತಿತ್ತು. ಹಿಕ್ಕೆಗಳು ಚಿಕ್ಕದಾಗಿ, ಒಣಗಿ, ಎಣಿಕೆಯಲ್ಲಿ ಕಡಿಮೆಯಾದವು. 1.8 ಕಿಲೋ ಇದ್ದ ತೂಕ 1.5 ಕಿಲೋಗೆ ಇಳಿಯಿತು.

ಮೊಲದ ಬಾಯಿಯ ರಚನೆಯನ್ನು ತಿಳಿದರೆ ಈ ರೋಗವು ಅರ್ಥವಾಗುತ್ತದೆ. ಅದಕ್ಕೆ 28 ಹಲ್ಲುಗಳು. ಮುಂದೆ 6 ಬಾಚಿಹಲ್ಲುಗಳು, ಹಿಂದೆ ನಮ್ಮ ಕಣ್ಣಿಗೆ ಕಾಣದಂತೆ 22 ದವಡೆಹಲ್ಲುಗಳು. ಮಾನವನ ಹಲ್ಲು ಒಮ್ಮೆ ಬೆಳೆದು ನಿಲ್ಲುತ್ತದೆ; ಮೊಲದ ಅಷ್ಟೂ ಹಲ್ಲುಗಳು ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್‌ನಷ್ಟು ಬೆಳೆಯುತ್ತದೆ. ನಾರುಳ್ಳ ಹುಲ್ಲನ್ನು ದಿನವಿಡೀ ಅಡ್ಡಡ್ಡ ಅಗಿಯುವಾಗ ಮೇಲಿನ ಹಲ್ಲು ಕೆಳಗಿನದನ್ನು, ಕೆಳಗಿನದು ಮೇಲಿನದನ್ನು ತೇಯ್ದು ಸಮನಾಗಿ ಇಡುತ್ತವೆ. ಬೆಳೆಯುವುದಕ್ಕೂ ಸವೆಯುವುದಕ್ಕೂ ಸೃಷ್ಟಿಕರ್ತನು ಇಟ್ಟಿರುವ ಈ ಅಳತೆಯನ್ನು ಕಂಡಾಗ ಸುಬ್‌ಹಾನಲ್ಲಾಹ್ ಎನ್ನದೆ ಇರಲಾಗದು. ಆದರೆ ದವಡೆಗಳು ಸರಿಯಾಗಿ ಕೂಡದಿದ್ದರೆ ಹಲ್ಲಿನ ಒಂದು ಅಂಚು ಸವೆಯದೆ ಮುಳ್ಳಿನಂತೆ ಮೊನೆಯಾಗುತ್ತದೆ. ಕೆಳದವಡೆಯ ಮೊನೆ ನಾಲಿಗೆಯನ್ನು ಕೊಯ್ಯುತ್ತದೆ, ಮೇಲ್ದವಡೆಯದು ಕೆನ್ನೆಯನ್ನು. ಒಂದೇ ತಾಯಿಯ ಮಕ್ಕಳಾಗಿ, ಒಂದೇ ಹುಲ್ಲು ತಿಂದ ಇಬ್ಬರಲ್ಲಿ ಬೆಲ್ಲದ ಹಲ್ಲು ನೆಟ್ಟಗಿತ್ತು, ಕೊಬ್ಬರಿಯದು ಹುಟ್ಟಿನಿಂದಲೇ ತುಸು ಓರೆ. ರೋಗವೆಂಬುದು ಯಾರದೋ ಪಾಪದ ಫಲವೆಂದು ಬಗೆಯುವವರಿಗೆ ಈ ಅಕ್ಕತಂಗಿಯರೇ ಉತ್ತರ.

ಹಲ್ಲನ್ನು ಮತ್ತೆ ಸಮ ಮಾಡಬೇಕಾದರೆ ಮೊಲಕ್ಕೆ ಅರಿವಳಿಕೆ ಕೊಟ್ಟು, ಸಣ್ಣ ಯಂತ್ರದಿಂದ ಮೊನೆಯನ್ನು ತೇಯಬೇಕು. ಉಗುರು ಕತ್ತರಿಸುವ ಉಪಕರಣದಿಂದ ಹಲ್ಲು ತುಂಡರಿಸುವ ರೂಢಿಯೂ ಇದೆ. ಅದರಿಂದ ಹಲ್ಲು ಉದ್ದಕ್ಕೆ ಸೀಳಿ ಬೇರಿನವರೆಗೆ ಗಾಯವಾಗಬಹುದು. ಮೊಲಗಳ ಹಲ್ಲಿನ ಚಿಕಿತ್ಸೆ ಬಲ್ಲ ವೈದ್ಯರು ನಮಗೆ ದೊರೆತದ್ದು ಬೆಂಗಳೂರಿನಲ್ಲಿ. ಪ್ರಯಾಣ, ಅರಿವಳಿಕೆ, ಔಷಧ ಎಲ್ಲ ಸೇರಿ ಸಾವಿರಾರು ರೂಪಾಯಿಯ ಮಾತು. ಆಗ ಮನೆಯಲ್ಲಿ ಚರ್ಚೆ ಎದ್ದಿತು.

ಹಿರಿಯರು ನೇರವಾಗಿ ಕೇಳಿದರು: ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಪ್ರಾಣಿಗೆ ಇಷ್ಟು ವೆಚ್ಚ ಏಕೆ? ಮೊಲ ಹಲಾಲ್ ಪ್ರಾಣಿಯಲ್ಲವೇ? ಅವರ ಮಾತಿಗೆ ಆಧಾರವಿತ್ತು. ಮಕ್ಕಾದ ಸಮೀಪದ ಮರ್ರುಝ್ಝಹ್ರಾನ್‌ನಲ್ಲಿ ಹಝ್ರತ್ ಅನಸ್(ರ) ಒಂದು ಮೊಲವನ್ನು ಅಟ್ಟಿ ಹಿಡಿದುದು, ಅಬೂ ತಲ್ಹಾ(ರ) ಅದನ್ನು ದ್‌ಬಹ್ ಮಾಡಿ ತೊಡೆಯ ಭಾಗವನ್ನು ಪ್ರವಾದಿವರ್ಯರಿಗೆ(ಸ) ಕಳಿಸಿದುದು, ಅವರು ಅದನ್ನು ಸ್ವೀಕರಿಸಿದುದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಮೊಲವನ್ನು ತಿನ್ನುವುದು ಅನುವದನೀಯ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ಗ್ರಂಥಗಳಲ್ಲಿ ಬೆಕ್ಕನ್ನು ಕೂಡಿಹಾಕಿದ ಸ್ತ್ರೀಯ ವೃತ್ತಾಂತವೂ ಇದೆ. ತಾನೂ ಉಣಿಸದೆ, ನೆಲದ ಕ್ರಿಮಿಕೀಟಗಳನ್ನು ಹುಡುಕಿ ತಿನ್ನಲೂ ಬಿಡದೆ ಅದನ್ನು ಸಾಯಗೊಟ್ಟದ್ದಕ್ಕಾಗಿ ಅವಳು ನರಕಕ್ಕೆ ಅರ್ಹಳಾದಳು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ದಾರಿ ಸ್ಪಷ್ಟವಾಯಿತು. ನಮ್ಮ ಮುಂದೆ ಮೂರು ಆಯ್ಕೆಗಳಿದ್ದವು: ಚಿಕಿತ್ಸೆ ಮಾಡಿಸುವುದು, ದ್‌ಬಹ್ ಮಾಡಿ ಅದರ ಸಂಕಟ ಮುಗಿಸುವುದು, ಅಥವಾ ಮೂಲೆಯಲ್ಲಿ ಬಿಟ್ಟು ಬಿಡುವುದು. ಮೊದಲ ಎರಡಕ್ಕೂ ಧರ್ಮದಲ್ಲಿ ಸ್ಥಾನವಿದೆ, ಮೂರನೆಯದಕ್ಕೆ ಇಲ್ಲ. ಆದರೆ ಲೋಕದಲ್ಲಿ ಹೆಚ್ಚು ನಡೆಯುವುದು ಆ ಮೂರನೆಯದೇ. ತಟ್ಟೆಯಲ್ಲಿ ಹುಲ್ಲು ತುಂಬಿರುತ್ತದೆ, ಅದನ್ನು ತಿನ್ನಲಾಗದ ಪ್ರಾಣಿ ಅದರ ಪಕ್ಕದಲ್ಲಿಯೇ ಹಸಿದು ಸಾಯುತ್ತದೆ. ಬೆಕ್ಕಿನ ಕಥೆಯಲ್ಲಿ ಬಾಗಿಲು ಮುಚ್ಚಿತ್ತು, ಇಲ್ಲಿ ಬಾಯಿಯೇ ಮುಚ್ಚಿದೆ.

ಗುಣವಾಗುವ ಸಾಧ್ಯತೆ ಇದೆಯೆಂದು ವೈದ್ಯರು ಹೇಳಿದ್ದರಿಂದ ನಾವು ಚಿಕಿತ್ಸೆಯನ್ನು ಆರಿಸಿಕೊಂಡೆವು. ಹಿರಿಯರು ಒಂದೇ ಷರತ್ತು ಹಾಕಿದರು. ಝಕಾತ್, ಸದಕ, ನೆರೆಯವರ ಹಕ್ಕು ಇವುಗಳಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಬಾರದು. ಮೊಲದ ಖರ್ಚು ನಮ್ಮ ಹಬ್ಬದ ಬಟ್ಟೆಯ ಹಣದಿಂದ ಬರಬೇಕು. ಈ ಮಾತು ನ್ಯಾಯವಾದದ್ದು. ಪ್ರಾಣಿಯ ಮೇಲಿನ ದಯೆಯ ಬೆಲೆಯನ್ನು ಬಡವನಿಂದ ವಸೂಲು ಮಾಡಬಾರದು, ನಮ್ಮ ಸುಖದಿಂದ ತೆಗೆಯಬೇಕು.

ಎರಡೂ ಮೊಲಗಳನ್ನು ಜೊತೆಗೇ ಕರೆತನ್ನಿ ಎಂದು ವೈದ್ಯರು ಫೋನಿನಲ್ಲಿಯೇ ಸೂಚಿಸಿದರು. ಜೋಡಿಯನ್ನು ಅಗಲಿಸಿದರೆ ಎರಡೂ ಕಂಗಾಲಾಗುತ್ತವೆ. ಆಸ್ಪತ್ರೆಯ ವಾಸನೆ ಹೊತ್ತು ಬಂದ ಒಡನಾಡಿಯನ್ನು ಮನೆಯಲ್ಲಿ ಉಳಿದದ್ದು ಗುರುತಿಸದೆ ಕಚ್ಚಾಡುವುದೂ ಉಂಟು. ಒಮ್ಮೆ ಮುರಿದ ಜೋಡಿಯನ್ನು ಮತ್ತೆ ಕೂಡಿಸಲು ವಾರಗಳೇ ಬೇಕಾಗಬಹುದು. ಪ್ರಯಾಣವೊಂದರಲ್ಲಿ ಸಹಾಬಿಗಳು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತ ಸುತ್ತಾಡಿತು, ಅದನ್ನು ಕಂಡ ಪ್ರವಾದಿ(ಸ) ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು ಎಂಬ ವರದಿ ಅಬೂದಾವೂದ್‌ನಲ್ಲಿದೆ. ಅಗಲಿಕೆಯ ನೋವು ಮಾನವರಿಗೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ಒಂದೇ ಬುಟ್ಟಿಯಲ್ಲಿ ಎರಡನ್ನೂ ಕೂರಿಸಿ ಬೆಂಗಳೂರಿಗೆ ಒಯ್ದೆವು.

ಅಲ್ಲಿ ತಿಳಿದ ಒಂದು ಸಂಗತಿಯನ್ನು ಮೊಲ ಸಾಕುವವರೆಲ್ಲ ನೆನಪಿಡಬೇಕು. ಮಾನವರಿಗೂ ನಾಯಿಬೆಕ್ಕುಗಳಿಗೂ ಅರಿವಳಿಕೆಗೆ ಮುನ್ನ ಉಪವಾಸ ಇಡಿಸುತ್ತಾರೆ. ಮೊಲಕ್ಕೆ ಹಾಗೆ ಮಾಡಬಾರದು. ಮೊಲವು ವಾಂತಿ ಮಾಡಲಾರದು, ಅದರ ಕರುಳು ಸದಾ ಚಲಿಸುತ್ತಿರಬೇಕು. ಹೊಟ್ಟೆ ಬರಿದಾದರೆ ಕರುಳು ನಿಲ್ಲುತ್ತದೆ, ವಾಯು ತುಂಬುತ್ತದೆ, ನೋವಿನಿಂದ ಅದು ಇನ್ನಷ್ಟು ತಿನ್ನದಾಗುತ್ತದೆ. ಅರ್ಧ ದಿನ ಏನೂ ತಿನ್ನದ ಮೊಲವನ್ನು ಅಪಾಯದಲ್ಲಿದೆ ಎಂದೇ ಭಾವಿಸಬೇಕು. ಹಲ್ಲು ತೇಯುವುದು ಬೇಗನೆ ಮುಗಿಯಿತು. ನಾಲಿಗೆಯ ಬಲಬದಿಯಲ್ಲಿ ಆಳವಾದ ಗಾಯವಿತ್ತು. ಚಿಕಿತ್ಸೆ ವೈದ್ಯರದು, ಇನ್ನು ಮುಂದಿನದು ನಿಮ್ಮದು ಎಂದು ಹೇಳಿ ಅವರು ಕಳಿಸಿಕೊಟ್ಟರು.

ಆ ಮುಂದಿನ ಹತ್ತು ದಿನಗಳು ನಮ್ಮ ಮನೆಯ ದಿನಚರಿಯನ್ನೇ ಬದಲಿಸಿದವು. ಹುಲ್ಲಿನಿಂದ ತಯಾರಿಸಿದ ಮೊಲದ ಮೇವಿನ ಗುಳಿಗೆಗಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಕುಡಿಸಬೇಕಿತ್ತು. ಒಂದು ಹೊತ್ತಿಗೆ 15ರಿಂದ 20 ಮಿಲಿಲೀಟರ್, ದಿನಕ್ಕೆ ಕನಿಷ್ಠ ಐದು ಹೊತ್ತು. ಸಮಯ ನೆನಪಿಡುವುದು ನಮಗೆ ಕಷ್ಟವಾಗಲಿಲ್ಲ: ಫಜ್ರ್, ಝುಹರ್, ಅಸರ್, ಮಗ್ರಿಬ್, ಇಶಾ ನಮಾಝ್‌ಗಳ ಬೆನ್ನಿಗೇ ಒಂದೊಂದು ಹೊತ್ತು. ಇಶಾದಿಂದ ಫಜ್ರ್‌ವರೆಗಿನ ಅಂತರ ದೀರ್ಘವಾದ್ದರಿಂದ ನಡುರಾತ್ರಿ ಮತ್ತೊಂದು. ಆ ಹೊತ್ತಿನಲ್ಲಿ ಎದ್ದವರಿಗೆ ತಹಜ್ಜುದ್ ಕೂಡ ದೊರೆಯಿತು. ಅದು ಕೊಬ್ಬರಿಯು ನಮಗೆ ಕೊಟ್ಟ ಉಡುಗೊರೆ ಎಂದು ಮಗಳು ಹೇಳುತ್ತಾಳೆ.

ಕುಡಿಸುವುದಕ್ಕೂ ಕ್ರಮವಿದೆ. ಮೊಲವನ್ನು ಮಗುವಿನಂತೆ ಅಂಗಾತ ಮಲಗಿಸಬಾರದು. ಮೇವು ಶ್ವಾಸನಾಳಕ್ಕೆ ಇಳಿಯುತ್ತದೆ. ಬಟ್ಟೆಯಲ್ಲಿ ಸುತ್ತಿ, ನಾಲ್ಕು ಕಾಲೂ ನೆಲಕ್ಕೆ ತಾಗಿರುವಂತೆ ಕೂರಿಸಿ, ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಇರುವ ಖಾಲಿ ಜಾಗದಲ್ಲಿ ಬದಿಯಿಂದ ಸಿರಿಂಜನ್ನು ಇಟ್ಟು, ಒಂದು ಹನಿ ಕೊಟ್ಟು, ಅದು ಅಗಿದು ನುಂಗುವವರೆಗೆ ಕಾದು, ಇನ್ನೊಂದು ಹನಿ ಕೊಡಬೇಕು. 20 ಮಿಲಿಲೀಟರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ನೋವಿನ ಔಷಧವನ್ನು ವೈದ್ಯರು ಬರೆದ ಅಳತೆಯಲ್ಲಿಯೇ ಕೊಡಬೇಕು. ಮನೆಯಲ್ಲಿರುವ ಮಕ್ಕಳ ಸಿರಪ್ ಹಾಕುವ ಯೋಚನೆ ಬೇಡ. ಪೆನಿಸಿಲಿನ್ ಬಗೆಯ ಔಷಧಗಳು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಉಪಕಾರಿ ಜೀವಾಣುಗಳನ್ನು ಕೊಂದು ಪ್ರಾಣಕ್ಕೇ ಕುತ್ತು ತರುತ್ತವೆ. ಅದು ಮಾಗಿಯ ಕಾಲವಾದ್ದರಿಂದ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟೆವು. ನೋಡಲು ಬಂದ ನೆರೆಯವರು ಪ್ರೀತಿಯಿಂದ ಕೊಬ್ಬರಿ ಚೂರು, ರಾಗಿ ಅಂಬಲಿ, ಬಿಸ್ಕತ್ತು ತಂದರು. ಅತಿಯಾದ ಕೊಬ್ಬೂ ಹಿಟ್ಟೂ ಮೊಲದ ಕರುಳಿಗೆ ಒಗ್ಗದೆಂದು ವಿವರಿಸಿ, ಅವನ್ನು ನಾವೇ ತಿಂದು ಅವರಿಗಾಗಿ ದುಆ ಮಾಡಿದೆವು.

ಚೇತರಿಕೆಯನ್ನು ಅಳೆಯುವುದು ಹೇಗೆ? ನಮ್ಮ ಸೀಮೆಯಲ್ಲಿ ಉಂಡೆಕೊಬ್ಬರಿಗಾಗಿ ತೆಂಗಿನಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಇಡುತ್ತಾರೆ. ಒಡೆದು ನೋಡುವಂತಿಲ್ಲ, ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಗಿಟುಕು ಸದ್ದು ಮಾಡಿದರೆ ನೀರು ಇಂಗಿ ಕೊಬ್ಬರಿಯಾಗಿದೆ ಎಂದು ತಿಳಿಯುತ್ತಾರೆ. ಮೊಲದ ಒಳಗನ್ನೂ ಹೊರಗಿನಿಂದಲೇ ಓದಬೇಕು. ಮೆಲ್ಲನೆ, ಸಣ್ಣಗೆ ಹಲ್ಲು ಕಡಿದರೆ ಅದು ನೆಮ್ಮದಿಯ ಸದ್ದು; ಗಟ್ಟಿಯಾಗಿ ಕಟಕಟ ಎಂದರೆ ನೋವಿನದು. ಬೆನ್ನು ಗೂನಾಗಿಸಿ, ಕಣ್ಣು ಅರೆಮುಚ್ಚಿ ಕುಳಿತರೆ ಸಂಕಟ; ಕೈಕಾಲು ಚಾಚಿ ಮಲಗಿದರೆ ಹಾಯಾಗಿದೆ ಎಂದರ್ಥ. ಎಲ್ಲಕ್ಕಿಂತ ನಂಬಬಹುದಾದ ಗುರುತು ಹಿಕ್ಕೆ. ಆದರೆ ಜೋಡಿಮೊಲಗಳಲ್ಲಿ ಯಾವ ಹಿಕ್ಕೆ ಯಾರದು? ಇದಕ್ಕೂ ಉಪಾಯವಿತ್ತು. ರಾತ್ರಿ ಹೊತ್ತು ಎರಡರ ನಡುವೆ ತಂತಿಜಾಲರಿ ಇಟ್ಟೆವು. ಮೈಗೆ ಮೈ ತಾಗುತ್ತಿತ್ತು, ತಟ್ಟೆಗಳು ಮಾತ್ರ ಬೇರೆ. ಬೆಳಿಗ್ಗೆ ಕೊಬ್ಬರಿಯ ತಟ್ಟೆಯ ಹಿಕ್ಕೆಗಳನ್ನು ಎಣಿಸಿ, ತಕ್ಕಡಿಯಲ್ಲಿ ಅದರ ತೂಕ ನೋಡಿ, ಮಗಳು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಳು.

ಬೆಲ್ಲದ ಪಾತ್ರವನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಮೊದಲ ಎರಡು ದಿನ ಆರೋಗ್ಯವಾಗಿದ್ದ ಅದೂ ಅರ್ಧ ಮೇವು ಬಿಟ್ಟಿತು. ಹಗಲು ಜಾಲರಿ ತೆಗೆದೊಡನೆ ಬಂದು ಕೊಬ್ಬರಿಯ ಮೈಗೆ ಒತ್ತಿ ಕೂತು ಹಣೆ ನೆಕ್ಕುತ್ತಿತ್ತು. ಸಿರಿಂಜಿನಿಂದ ಗಲ್ಲಕ್ಕೆ ಅಂಟಿದ ಮೇವನ್ನು ಒರೆಸಿ ಶುಚಿಗೊಳಿಸುತ್ತಿತ್ತು. ನಾಲ್ಕನೆಯ ದಿನ ಕೊಬ್ಬರಿ ಕೊತ್ತಂಬರಿ ಎಲೆ ತಿಂದಿತು. ಏಳನೆಯ ದಿನ, ಬೆಲ್ಲವು ಗರಿಕೆಯ ಉದ್ದನೆಯ ಎಸಳೊಂದನ್ನು ಅಗಿಯುತ್ತಿರುವಾಗ ಕೊಬ್ಬರಿ ಅದರ ಇನ್ನೊಂದು ತುದಿಯನ್ನು ಕಚ್ಚಿತು. ನಾವು ಎಷ್ಟೋ ಸಲ ಮುಂದೊಡ್ಡಿದ ಹುಲ್ಲನ್ನು ಮುಟ್ಟದ ಪ್ರಾಣಿ ತಂಗಿಯ ಬಾಯಿಯ ಹುಲ್ಲನ್ನು ಹಂಚಿಕೊಂಡಿತು. ಅಲ್‌ಹಮ್ದುಲಿಲ್ಲಾಹ್. ನಮ್ಮ ಆರೈಕೆ ಅದನ್ನು ಬದುಕಿಸಿತು, ನಿಜ. ಆದರೆ ತಿನ್ನುವ ಆಸೆಯನ್ನು ಮರಳಿಸಿದ್ದು ಅದರ ಸಂಗಾತಿ. ಹತ್ತನೆಯ ದಿನ ತೂಕ 1.6 ಕಿಲೋ ದಾಟಿತ್ತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ಬರೆಯಲಾಗದು. ಹಲ್ಲು ಮತ್ತೆ ಬೆಳೆಯುತ್ತದೆ. ಓರೆಯಾದ ದವಡೆ ನೆಟ್ಟಗಾಗುವುದಿಲ್ಲ. ಏಳು ವಾರಗಳ ಬಳಿಕ ಕೊಬ್ಬರಿಯ ಗಲ್ಲ ಮತ್ತೆ ಒದ್ದೆಯಾಯಿತು, ಬುಟ್ಟಿ ಮತ್ತೆ ಬೆಂಗಳೂರಿಗೆ ಹೊರಟಿತು. ಇನ್ನು ಅದರ ಆಯುಷ್ಯವಿರುವವರೆಗೆ ಇದು ಹೀಗೆಯೇ. ನಾವು ಮನೆಯವರೆಲ್ಲ ಕುಳಿತು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಅದು ತಾನಾಗಿ ತಿನ್ನುವವರೆಗೆ, ತಂಗಿಯ ಪಕ್ಕ ಕೈಕಾಲು ಚಾಚಿ ಮಲಗುವವರೆಗೆ ಚಿಕಿತ್ಸೆ ಮುಂದುವರಿಯುತ್ತದೆ. ಎರಡು ಚಿಕಿತ್ಸೆಗಳ ನಡುವಿನ ಒಳ್ಳೆಯ ದಿನಗಳಿಗಿಂತ ನೋವಿನ ದಿನಗಳು ಹೆಚ್ಚಾದರೆ, ವೈದ್ಯರನ್ನೂ ಬಲ್ಲ ವಿದ್ವಾಂಸರನ್ನೂ ಕೇಳಿ ಅದರ ಸಂಕಟಕ್ಕೆ ಕೊನೆ ಹಾಡುತ್ತೇವೆ. ಪ್ರಾಣಿಯ ಪ್ರಾಣ ತೆಗೆಯುವಾಗಲೂ ಕತ್ತಿಯನ್ನು ಹರಿತಗೊಳಿಸಿ ಅದಕ್ಕೆ ನೆಮ್ಮದಿ ನೀಡಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಬದುಕಿಸುವುದರಲ್ಲಿಯೂ ಕಳಿಸಿಕೊಡುವುದರಲ್ಲಿಯೂ ದಯೆಯೊಂದೇ ಅಳತೆ. ನಮ್ಮ ದಣಿವು ಅಳತೆಯಾಗಬಾರದು. ಆ ದಿನ ಬೆಲ್ಲ ಒಂಟಿಯಾಗುತ್ತದೆ ಎಂಬ ಚಿಂತೆಯೂ ನಮಗಿದೆ. ಅದರ ಹೊಣೆಯೂ ನಮ್ಮದೇ.

ಹೀಗೆ ಲಾಭವಿಲ್ಲದ ಪ್ರಾಣಿಗೆ ದುಡಿಯುವುದು ಹೊಸ ಕಾಲದ ಶೋಕಿ ಎಂದು ಕೆಲವರು ಭಾವಿಸುತ್ತಾರೆ. ಡಮಾಸ್ಕಸ್‌ನಲ್ಲಿ ಹುಟ್ಟಿ 1262ರಲ್ಲಿ ಕೈರೋದಲ್ಲಿ ನಿಧನರಾದ ಇಮಾಮ್ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್(ರ) ಪ್ರಾಣಿಗಳಿಗೆ ಮಾನವನ ಮೇಲಿರುವ ಹಕ್ಕುಗಳನ್ನು ವಿವರಿಸಿದ್ದಾರೆ. ಮುಪ್ಪಿನಿಂದಲೋ ರೋಗದಿಂದಲೋ ಯಾವ ಪ್ರಯೋಜನಕ್ಕೂ ಬಾರದಾದ ಪ್ರಾಣಿಗೂ ಮೇವಿನ ವೆಚ್ಚವನ್ನು ಒಡೆಯನು ಭರಿಸಬೇಕೆಂಬುದು ಅವುಗಳಲ್ಲಿ ಮೊದಲಿನದು. ಅದರದೇ ಜಾತಿಯ ಜೊತೆ, ಬೇರೆ ಜಾತಿಯ ಜೊತೆ ಇರಿಸುವಾಗ ಅದಕ್ಕೆ ಹಾನಿಯಾಗಬಾರದೆಂಬುದನ್ನೂ ಅವರು ಸೇರಿಸಿದ್ದಾರೆ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ಕೊಡದಿರುವುದನ್ನು ಅಪರಾಧವೆನ್ನುವುದಕ್ಕೆ ಏಳು ಶತಮಾನಗಳ ಹಿಂದಿನ ಮಾತು ಇದು. ಅನ್ಸಾರಿಯೊಬ್ಬರ ತೋಟದಲ್ಲಿ ಒಂಟೆಯೊಂದು ಪ್ರವಾದಿಯನ್ನು(ಸ) ಕಂಡು ಕಣ್ಣೀರಿಟ್ಟ ಪ್ರಸಂಗ ನಮಗೆಲ್ಲ ಗೊತ್ತು. ಅವರು ಅದರ ಕಿವಿಯ ಹಿಂದೆ ಸವರಿ ಸಮಾಧಾನಪಡಿಸಿದರು, ಅದರ ಒಡೆಯನನ್ನು ಕರೆಸಿ ಹಸಿವಿನ, ದಣಿವಿನ ದೂರನ್ನು ಅವನಿಗೆ ತಲುಪಿಸಿದರು. ಒಂಟೆಗೆ ಕಣ್ಣೀರಾದರೂ ಇತ್ತು. ಕಣ್ಣೀರೂ ಇಲ್ಲದ, ಸದ್ದೂ ಇಲ್ಲದ ಜೀವಿಯ ದೂರನ್ನು ಕೇಳಿಸಿಕೊಳ್ಳಬೇಕಾದವರು ಅದನ್ನು ಸಾಕಿದವರೇ.

ಪ್ರಿಯ ಓದುಗರೇ, ಮಕ್ಕಳ ಆಸೆಗೆ ಸಂತೆಯಿಂದಲೋ ಪೇಟೆಯ ಅಂಗಡಿಯಿಂದಲೋ ಮೊಲದ ಮರಿ ತರುವವರಿದ್ದರೆ ಇಷ್ಟನ್ನು ಯೋಚಿಸಿ ತನ್ನಿ. ಅದು ಎಂಟು ಹತ್ತು ವರ್ಷ ಬದುಕಬಲ್ಲ ಜೀವಿ. ದಿನವಿಡೀ ಹುಲ್ಲು ಬೇಕು, ಜೊತೆಗೊಂದು ಸಂಗಾತಿ ಬೇಕು. ಗಲ್ಲ ಒಣಗಿದೆಯೇ, ಹಿಕ್ಕೆ ದುಂಡಗಿದೆಯೇ ಎಂದು ದಿನಕ್ಕೊಮ್ಮೆ ನೋಡುವ ಕಣ್ಣು ಬೇಕು. ಅದು ನಮ್ಮ ಸೊತ್ತಲ್ಲ, ಅಲ್ಲಾಹನು ನಮ್ಮ ಕೈಯಲ್ಲಿಟ್ಟ ಅಮಾನತ್. ನಮ್ಮ ಕೈಕೆಳಗಿರುವ ಪ್ರತಿಯೊಂದು ಜೀವಿಯ ಹಕ್ಕನ್ನು ಅರಿಯುವ ಕಣ್ಣನ್ನೂ, ಅದನ್ನು ಸಲ್ಲಿಸುವ ಸಹನೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.